ಮನೆಗೊಂದು ಹಲ್ಲಿನ ಸೆಟ್ಟು

ಮಾರ್ಚ್ ೩, ಮಂಗಳವಾರ

ಬಾಯಿ ಬರಿದಾದ ಮೇಲೆ ಕೈಯಾದರೂ ಕೆಲಸ ಮಾಡಲಿ ಎಂಬ ಉದ್ದೇಶದಿಂದ ಈ ಪುಸ್ತಕವನ್ನು ತೆರೆದಿದ್ದೇನೆ. ನನ್ನಲ್ಲಿ ಉಳಿದಿದ್ದ ಸವೆದ ಹಲ್ಲುಗಳನ್ನೆಲ್ಲ ನಿನ್ನೆ ಪೂರ್ವಾಹ್ನ ದಂತವೈದ್ಯೆ ಕಿತ್ತು ತೆಗೆದರು. ಹತ್ತಿಯನ್ನು ಗಟ್ಟಿಯಾಗಿ ಕಚ್ಚಿ ಹಿಡಿಯಿರಿ ಎಂದರು. ಏತರಿಂದ ಕಚ್ಚಲಿ ಎಂದು ಕೇಳಬೇಕೆನಿಸಿತು. ಆದರೆ ನಾಲಗೆ ಮರಗಟ್ಟಿತ್ತು.

ಈ ಕಾರ್ಯವನ್ನು ನಾನು ಆತುರದಿಂದ ಮಾಡಿದವನಲ್ಲ. ತೂಕ ಮತ್ತು ಅಳತೆಗಳ ಇಲಾಖೆಯಲ್ಲಿ ನಿರೀಕ್ಷಕನಾಗಿ ನಾನು ಕಲಿತ ಮೊದಲ ಪಾಠವೇ ಇದು: ವರ್ತಕನ ಸವೆದ ತೂಕದ ಬಟ್ಟನ್ನು ಅವನ ಕಣ್ಣೆದುರಿನಲ್ಲಿ ಒಡೆದು ಹಾಕಿದ ಹೊರತು ಹೊಸ ಬಟ್ಟಿಗೆ ಮುದ್ರೆ ಒತ್ತಬಾರದು. ಹಳೆಯದೂ ಹೊಸದೂ ಒಂದೇ ಅಂಗಡಿಯಲ್ಲಿದ್ದರೆ ಹಳೆಯದೇ ತಕ್ಕಡಿಗೆ ಏರುತ್ತದೆ. ಆದಕಾರಣ ಹೊಸ ಹಲ್ಲಿಗೆ ಅರ್ಜಿ ಹಾಕುವ ಮುನ್ನ ಹಳೆಯ ಹಲ್ಲನ್ನು ನಿಶ್ಶೇಷವಾಗಿ ತೆಗೆಸಿದೆ. ಸಹಧರ್ಮಿಣಿಗೆ ಈ ತತ್ತ್ವವನ್ನು ವಿವರಿಸಿದಾಗ ಅವಳು, "ಬಟ್ಟು ಒಡೆದ್ರೆ ಅಂಗಡಿಯವನು ಪಕ್ಕದ ಅಂಗಡಿಯಿಂದ ಕಡ ತರ್ತಾನೆ. ನೀವು ಯಾರ ಹಲ್ಲು ಕಡ ತರ್ತೀರಿ?" ಎಂದಳು. ಇದು ತರ್ಕವಲ್ಲ.

ಪ್ರಾರ್ಥನಾ ಮಂದಿರದಲ್ಲಿ ಶನಿವಾರದ ಸಂಜೆ ಗ್ರಂಥವನ್ನು ಸಭೆಗೆ ಗಟ್ಟಿಯಾಗಿ ಓದಿ ಹೇಳುವ ಸೇವೆ ಬಹುಕಾಲದಿಂದ ನನ್ನ ಪಾಲಿಗೆ ಬಂದಿದೆ. ಜುಲೈ ತಿಂಗಳ ಕೊನೆಯಲ್ಲಿ ಗ್ರಂಥವನ್ನು ಆದ್ಯಂತವಾಗಿ ಓದುವ ವಾರ್ಷಿಕ ಪಠನ. ಅಷ್ಟರೊಳಗೆ ಬಾಯಲ್ಲಿ ಹಲ್ಲಿರಬೇಕು. ಪಿಂಚಣಿಯ ಹಣದಲ್ಲಿ ಹಲ್ಲು ಕಟ್ಟಿಸಿಕೊಳ್ಳುವುದು ಆಗದ ಮಾತು. ನಮ್ಮೊಂದಿಗೇ ಇರುವ ಮಗಳ ಸಂಬಳ ಮನೆಬಾಡಿಗೆಗೆ ಹೋಗುತ್ತದೆ. ನಿವೃತ್ತರ ಆರೋಗ್ಯ ವಿಮೆ ಎಂಬುದಿರುವುದೇ ಇಂಥದಕ್ಕೆ. ಭಗವಂತನ ವಾಕ್ಯವನ್ನು ಉಚ್ಚರಿಸುವುದಕ್ಕೆ ಬೇಕಾದ ಉಪಕರಣವನ್ನು ಭಗವಂತನೇ ಒದಗಿಸಿಯಾನು.

ಮಾರ್ಚ್ ೯, ಸೋಮವಾರ

ವಿಮಾ ಕಚೇರಿಗೆ ಹೋಗಿ ಬಂದೆ. ಗಾಜಿನ ಕಿಟಕಿಯ ಆಚೆ ನೆಗಡಿಯಿಂದ ಮೂಗು ಕೆಂಪಾಗಿದ್ದ ಅಧಿಕಾರಿಯೊಬ್ಬರು ನನ್ನ ಅರ್ಜಿಯನ್ನು ತಿರುವಿ ನೋಡಿ, "ಹಲ್ಲು ಎಲ್ಲಿ?" ಎಂದರು.

"ಅದನ್ನು ಕೇಳುವುದಕ್ಕೇ ಬಂದಿದ್ದೇನೆ," ಎಂದೆ.

"ಹೊಸದಲ್ಲ ಯಜಮಾನ್ರೇ, ಹಳೇದು. ಕೀಳಿಸೋಕೆ ಮುಂಚೆ ನಮ್ಮ ಡಾಕ್ಟ್ರು ನೋಡ್ಬೇಕು. ಇವು ಇನ್ನು ನಿಲ್ಲಲ್ಲ ಅಂತ ಬರೀಬೇಕು. ಆಮೇಲೆ ಕೀಳಿಸೋದು, ಆಮೇಲೆ ಸೆಟ್ಟು. ಪೂರ್ವತಪಾಸಣೆ ಅಂತಾರೆ ಅದಕ್ಕೆ."

ನಾನು ಬಾಯಿ ತೆರೆದು ತೋರಿಸಿದೆ. ಅವರು ಕಿಟಕಿಯಿಂದ ಇಣುಕಿ, "ಇಲ್ಲ ಅನ್ನೋದು ಗೊತ್ತಾಯ್ತು. ಕೆಟ್ಟಿದ್ವು ಅನ್ನೋದು ಹೇಗೆ ಗೊತ್ತಾಗ್ಬೇಕು? ಚೆನ್ನಾಗಿರೋದನ್ನೇ ಕೀಳಿಸ್ಕೊಂಡು ಬಂದಿದ್ರೆ?" ಎಂದರು.

"ಚೆನ್ನಾಗಿರುವ ಹಲ್ಲನ್ನು ಯಾರಾದರೂ ಕೀಳಿಸಿಕೊಳ್ಳುತ್ತಾರೆಯೇ?"

ಅವರು ಅರ್ಜಿಯಲ್ಲಿದ್ದ ನನ್ನ ಇಲಾಖೆಯ ಹೆಸರಿನ ಮೇಲೆ ಬೆರಳಿಟ್ಟರು. "ನಿಮ್ಮ ಇಲಾಖೇಲಿ ಯಾರಾದ್ರೂ ಬಂದು, ನನ್ನ ತಕ್ಕಡಿ ಸರಿಯಾಗಿತ್ತು ಸ್ವಾಮಿ, ನೀವು ಬರೋ ಮುಂಚೆ ಬಿಸಾಕ್ಬಿಟ್ಟೆ ಅಂದಿದ್ರೆ ನೀವು ನಂಬ್ತಿದ್ರಾ?"

ನಂಬುತ್ತಿರಲಿಲ್ಲ. ಅವರು ಮೂಗೊರೆಸಿಕೊಂಡು, ಸ್ವಲ್ಪ ಮೆತ್ತಗಾಗಿ, ಮೇಲ್ಮನವಿಗೆ ಅವಕಾಶವಿದೆಯೆಂದು ತಿಳಿಸಿದರು. "ಇನ್ನೊಂದು ಮಾತು. ಗಂಡ ಹೆಂಡ್ತಿ ಇಬ್ರಿಗೂ ಸೇರಿ ನಾಲ್ಕು ವರ್ಷಕ್ಕೆ ಒಂದೇ ಸೆಟ್ಟು. ಮನೆಗೊಂದು. ಆಮೇಲೆ ಬಂದು ಗಲಾಟೆ ಮಾಡ್ಬೇಡಿ."

ನನ್ನ ಸಹಧರ್ಮಿಣಿಗೆ ಅಂಥ ಅಗತ್ಯವೇನೂ ಇಲ್ಲವೆಂದು ಹೇಳಿ ಬಂದೆ.

ಮಾರ್ಚ್ ೧೪, ಶನಿವಾರ

ಮಂದಿರಕ್ಕೆ ಹೋಗಲಿಲ್ಲ. ನನ್ನ ಪೀಠದಲ್ಲಿ ಕನ್ನಡಕದ ಅಂಗಡಿಯ ತರುಣನನ್ನು ಕೂರಿಸಿದರಂತೆ. ಓದು ಮುಗಿದ ಮೇಲೆ ಮಂದಿರದ ಹಿರಿಯರು ಮನೆಗೆ ಬಂದರು. ಬಂದವರು ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತು, "ಹುಡುಗ ಪರವಾಗಿಲ್ಲ. ಆದ್ರೆ ನಿಮ್ಮ ಹಾಗಲ್ಲ ಬಿಡಿ," ಎಂದರು. ಬಳಿಕ, "ವಾರ್ಷಿಕ ಪಠನಕ್ಕೆ ನೀವು ಬರ್ತೀರಿ ತಾನೇ? ಇಲ್ಲಾಂದ್ರೆ ಪೀಠ ಅವನಿಗೇ ಅಂತ ಗೊತ್ತು ಮಾಡಿಬಿಡ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ," ಎಂದರು.

ಕೈಯಿಂದ ಬಾಯಿ ಮುಚ್ಚಿಕೊಂಡು, ಬರುತ್ತೇನೆಂದು ತಲೆಯಾಡಿಸಿದೆ. ಅವರು ಹೋದ ಮೇಲೆ ಗ್ರಂಥದ ಮೊದಲ ಅಧ್ಯಾಯವನ್ನು ಕದ ಹಾಕಿಕೊಂಡು ಓದಿ ನೋಡಿದೆ. ದಂತ್ಯಾಕ್ಷರಗಳೆಲ್ಲ ಬರಿಯ ಉಸಿರಾಗಿ ಹೊರಟವು. ಎರಡನೆಯ ಪುಟದಲ್ಲಿ ತುಟಿಯಂಚಿನಿಂದ ಜೊಲ್ಲು ಜಾರಿ ಹಾಳೆಯ ಮೇಲೆ ಬಿದ್ದಿತು. ಒರೆಸಿ, ಪುಸ್ತಕವನ್ನು ಮುಚ್ಚಿಟ್ಟೆ. ಇಂಥ ಬಾಯಿಂದ ಓದುವುದು ಅಪಚಾರ. ಇಂಥ ಬಾಯನ್ನು ಹೊತ್ತು ನಾಲ್ವರ ಮುಂದೆ ಕುಳಿತುಕೊಳ್ಳುವುದೂ ಸಲ್ಲದು. ಹಲ್ಲು ಬರುವ ತನಕ ಮಂದಿರದ ಮೆಟ್ಟಿಲು ಹತ್ತುವುದಿಲ್ಲ.

ಮಾರ್ಚ್ ೧೭, ಮಂಗಳವಾರ

ದಂತವೈದ್ಯೆ ಸಹೃದಯರು. ನನ್ನ ವೃತ್ತಾಂತವನ್ನೆಲ್ಲ ಕೇಳಿ, ಪೆನ್ನಿನ ಮುಚ್ಚಳ ತೆಗೆದು, "ಇದಕ್ಯಾಕೆ ಇಷ್ಟು ತಲೆಬಿಸಿ? ಫೆಬ್ರವರಿಯಲ್ಲೇ ವಿಮೆಯ ಡಾಕ್ಟ್ರಿಗೆ ಪತ್ರ ಕಳಿಸಿದ್ದೆ, ಅವರು ಬರ್ಲಿಲ್ಲ, ಸೋಂಕು ಜಾಸ್ತಿಯಾಯ್ತು ಅಂತ ಅರ್ಜೆಂಟಾಗಿ ಕಿತ್ತೆ, ಹೀಗೆ ಬರೆದ್ರಾಯ್ತು. ಹಲ್ಲು ಹೇಗೂ ಕೆಟ್ಟಿತ್ತಲ್ಲ?" ಎಂದರು.

ಕೆಟ್ಟಿದ್ದುದು ನಿಜ. ಪತ್ರ ಕಳಿಸಿದ್ದು ಸುಳ್ಳು. ಸುಳ್ಳಿನ ಮೇಲೆ ಕಟ್ಟಿದ ಹಲ್ಲಿನಿಂದ ಗ್ರಂಥವನ್ನು ಓದುವುದು ಹೇಗೆ? ಬೇಡವೆಂದೆ. ಅವರು ನಕ್ಕು ಮುಚ್ಚಳ ಹಾಕಿದರು.

ಮನೆಯಲ್ಲಿ ಈ ಸಂಗತಿಯನ್ನು ಹೇಳಬಾರದಿತ್ತು. ಮಗಳು, "ಅಪ್ಪಾ, ನಿಮ್ಮ ಸತ್ಯಾನ ಅರೆದು ನುಂಗಿಸ್ಲಾ?" ಎಂದಳು. ಅವಳ ತಾಯಿ ಅವಳನ್ನು ಗದರಿಸುವಳೆಂದು ನೋಡಿದೆ. ಅವಳು, "ನೀವು ಹಿಂಗೇ ಅಂತ ಗೊತ್ತಿತ್ತು. ಹೋಗ್ಲಿ ಬಿಡು ಮಗಾ, ಅವರು ಆ ಸುಳ್ಳು ಹೇಳಿದ್ರೆ ರಾತ್ರಿಯೆಲ್ಲ ನಿದ್ದೆ ಮಾಡ್ತಿರ್ಲಿಲ್ಲ, ನನಗೂ ಮಾಡೋಕೆ ಬಿಡ್ತಿರ್ಲಿಲ್ಲ," ಎಂದು ಒಲೆಯ ಕಡೆಗೆ ತಿರುಗಿದಳು.

ಮೇಲ್ಮನವಿಯನ್ನು ಸಾವಧಾನವಾಗಿ, ತಪ್ಪನ್ನು ಒಪ್ಪಿಕೊಂಡು, ಕಾರಣಸಹಿತವಾಗಿ ಬರೆದು ಅಂಚೆಗೆ ಹಾಕಿದೆ.

ಏಪ್ರಿಲ್ ೨, ಗುರುವಾರ

ಉತ್ತರವಿಲ್ಲ. ಇಂದು ಯಾರೊಡನೆಯೂ ಮಾತನಾಡಲಿಲ್ಲ.

ಏಪ್ರಿಲ್ ೬, ಸೋಮವಾರ

ಮಾತು ನಿಂತ ಮನೆಯಲ್ಲಿ ಸದ್ದುಗಳು ಎಷ್ಟೊಂದು! ನಲ್ಲಿಯ ತೊಟ್ಟು ಬೀಳುವುದು, ಮೇಲಿನ ಮಹಡಿಯವರು ಕುರ್ಚಿ ಎಳೆಯುವುದು, ಕೆಳಗಿನ ಬೀದಿಯಲ್ಲಿ ಸೈಕಲ್ ರಿಪೇರಿಯವನು ಚಕ್ರ ತಿರುಗಿಸಿ ಕೇಳುವುದು. ಸಹಧರ್ಮಿಣಿಯು ಕೆಲಸ ಮಾಡುತ್ತ ತನ್ನಷ್ಟಕ್ಕೆ ಮಾತನಾಡಿಕೊಳ್ಳುತ್ತಾಳೆಂಬುದು ನನಗೆ ಹೊಸ ಸಂಗತಿ. "ಉಪ್ಪು ಹಾಕಿದ್ನಾ? ಹಾಕಿದೆ. ಹಾಕಿದ್ನಾ?" ಎನ್ನುತ್ತಾಳೆ. ಬಳಿಕ ರುಚಿ ನೋಡುತ್ತಾಳೆ. ರುಚಿ ನೋಡಿದಾಗ ಎಡಗೆನ್ನೆಯನ್ನು ಕೈಯಲ್ಲಿ ಒತ್ತಿ ಹಿಡಿಯುತ್ತಾಳೆ. ಬಿಸಿಯಿರಬೇಕು.

ಏಪ್ರಿಲ್ ೧೮, ಶನಿವಾರ

ಹಲ್ಲಿಲ್ಲದವನ ಊಟ ದೀರ್ಘವಾದುದು. ಮುಂಚೆ ನಾನು ಉಂಡು ಎದ್ದ ಮೇಲೆ ಸಹಧರ್ಮಿಣಿಯ ಊಟ; ಈಗ ನಾನು ಮುಗಿಸುವುದರೊಳಗೆ ಅವಳೂ ತಟ್ಟೆ ಹಾಕಿಕೊಂಡು ಎದುರಿಗೆ ಕುಳಿತಿರುತ್ತಾಳೆ. ಹೀಗಾಗಿ ಅವಳು ಉಣ್ಣುವುದನ್ನು ಕಾಣುವ ಸಂದರ್ಭ ಒದಗಿದೆ. ಅವಳು ಬ್ರೆಡ್ಡನ್ನು ಸಾರಿನಲ್ಲಿ ನೆನೆಹಾಕಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಕಣ್ಣು ಮುಚ್ಚಿ ನುಂಗುತ್ತಾಳೆ. ನನಗಾಗಿ ಮೆತ್ತಗೆ ಮಾಡಿದ್ದನ್ನೇ ತಾನೂ ತಿನ್ನುತ್ತಿರುವುದು ಸಹಾನುಭೂತಿಯೆಂದು ತಿಳಿದು, "ನನಗೋಸ್ಕರ ನೀನೇಕೆ ಪಥ್ಯ ಮಾಡಬೇಕು? ಸೇಬು ಇದೆ, ತಿನ್ನು," ಎಂದೆ.

"ಸೇಬು ಮಗಳಿಗೆ ಇರ್ಲಿ," ಎಂದಳು.

ಮಗಳು ಸೇಬನ್ನು ಇಷ್ಟಪಡುವುದಿಲ್ಲ. ಅದು ಬುಟ್ಟಿಯಲ್ಲಿ ಬಹಳ ದಿನದಿಂದ ಇದೆ.

ಇಂದು ಶನಿವಾರ. ಸಂಜೆಯ ಹೊತ್ತಿಗೆ ಸಹಧರ್ಮಿಣಿ ಒಬ್ಬಳೇ ಮಂದಿರಕ್ಕೆ ಹೋಗಿ ಬಂದಳು. ಕನ್ನಡಕದವನ ಓದು ಹೇಗಿತ್ತೆಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಮೇ ೫, ಮಂಗಳವಾರ

ಮೇಲ್ಮನವಿಯ ಸಮಿತಿಯ ಮುಂದೆ ಹಾಜರಾದೆ. ಉದ್ದನೆಯ ಮೇಜಿನ ಆಚೆ ಮೂವರು: ನಡುವೆ ಅಧ್ಯಕ್ಷರು, ಬಲಕ್ಕೆ ವಿಮೆಯ ವೈದ್ಯರು, ಎಡಕ್ಕೆ ನಿವೃತ್ತರ ಪ್ರತಿನಿಧಿಯಾಗಿ ನನಗಿಂತ ಹಿರಿಯಳಾದ ಒಬ್ಬ ಮುದುಕಿ.

ಅಧ್ಯಕ್ಷರು, "ಯಾರಾದ್ರೂ ತಪ್ಪು ಮಾಹಿತಿ ಕೊಟ್ಟಿದ್ರಾ?" ಎಂದು ಕೇಳಿದರು. ಹೌದೆಂದರೆ ಕೆಲಸ ಸುಲಭವಾಗುತ್ತಿತ್ತೆಂದು ಅವರ ಮುಖದಿಂದಲೇ ತಿಳಿಯುತ್ತಿತ್ತು. ಇಲ್ಲ, ತಪ್ಪು ನನ್ನದೇ. ಅರ್ಜಿಯ ಹಿಂಬದಿಯ ಸೂಚನೆಗಳನ್ನು ಓದದೆ ನನ್ನ ಇಲಾಖೆಯ ಕ್ರಮವೇ ಎಲ್ಲೆಡೆಯ ಕ್ರಮವೆಂದು ಭಾವಿಸಿದೆ, ಎಂದೆ.

ವೈದ್ಯರು, "ಊಟಕ್ಕೆ ತುಂಬಾ ಕಷ್ಟ ಆಗ್ತಿದೆ ಅಲ್ವಾ?" ಎಂದರು. ಅವರೂ ಬಾಗಿಲು ತೆರೆದು ಹಿಡಿದಂತೆಯೇ ಕೇಳಿದರು.

"ಇಲ್ಲ. ಮನೆಯಾಕೆ ಎಲ್ಲವನ್ನೂ ಮೆತ್ತಗೆ ಮಾಡಿ ಕೊಡುತ್ತಾಳೆ. ತಿನ್ನುತ್ತೇನೆ."

"ಮತ್ತೆ ಹಲ್ಲು ಯಾಕೆ ಬೇಕು?"

"ಓದುವುದಕ್ಕೆ."

ಅಧ್ಯಕ್ಷರು ವೈದ್ಯರನ್ನು ನೋಡಿದರು. ವೈದ್ಯರು ಕಾಗದವನ್ನು ನೋಡಿದರು. ಆಗ ಆ ಮುದುಕಿ, "ಏನು ಓದ್ತೀರಣ್ಣಾ? ನಾಲ್ಕು ಸಾಲು ಓದಿ, ಕೇಳೋಣ," ಎಂದಳು.

ಮಂದಿರದ ಪೀಠದಲ್ಲಿ ನನ್ನ ಕೈ ಗ್ರಂಥದ ಮೇಲಿರುತ್ತಿತ್ತು. ಇಂದು ಕುರ್ಚಿಯ ತೋಳನ್ನು ಹಿಡಿದುಕೊಂಡೆ. ಕಣ್ಣು ಮುಚ್ಚಿ ಆರಂಭದ ಸ್ತುತಿಯನ್ನು ಹೇಳತೊಡಗಿದೆ. ಎರಡನೆಯ ಸಾಲಿನ ಹೊತ್ತಿಗೆ ಗಾಳಿಯೂ ನೀರೂ ಬೆರೆತು ಬಂದವು. ನನ್ನ ಧ್ವನಿಯನ್ನು ನಾನೇ ಗುರುತಿಸದಾದೆ. ನಿಲ್ಲಿಸಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಸಹಿಸಬಹುದಾಗಿತ್ತು. ಮುದುಕಿ ತನ್ನ ಮುಂದಿದ್ದ ನೀರಿನ ಲೋಟವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು.

ತೀರ್ಮಾನವನ್ನು ಅಂಚೆಯಲ್ಲಿ ತಿಳಿಸುವರಂತೆ. ಇನ್ನು ಮುಂದೆ ಪರರ ಎದುರು ಈ ಬಾಯನ್ನು ತೆರೆಯಲಾರೆ.

ಮೇ ೧೦, ಭಾನುವಾರ

ಇಂದು ಮಧ್ಯಾಹ್ನ ಒಂದು ತುತ್ತು ಬಾಯಿಗಿಟ್ಟ ನನ್ನಾಕೆ ಥಟ್ಟನೆ ಅಡುಗೆಮನೆಗೆ ಎದ್ದು ಹೋದಳು. ಹಿಂದೆಯೇ ಹೋದೆ. ಬಚ್ಚಲಿನಲ್ಲಿ ಉಗುಳುತ್ತಿದ್ದಳು; ಉಗುಳಿನಲ್ಲಿ ರಕ್ತವಿತ್ತು.

"ಬಾಯಿ ತೆರೆ," ಎಂದೆ.

"ಏನಿಲ್ಲ, ಹೋಗಿ ಊಟ ಮಾಡಿ."

ನಾನು ಹೋಗಿ ಕೈದೀಪ ತಂದೆ. "ತೆರೆ ಎಂದೆನಲ್ಲ?"

"ನಾನೇನು ನಿಮ್ಮ ತಕ್ಕಡೀನಾ, ಹಿಡ್ಕೊಂಡು ತಪಾಸಣೆ ಮಾಡೋಕೆ?" ಎಂದಳು. ಆದರೂ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕುಳಿತು ಬಾಯಿ ತೆರೆದಳು.

ವೃತ್ತಿಜೀವನದಲ್ಲಿ ಎಷ್ಟೋ ಬಗೆಯ ಸವೆತಗಳನ್ನು ಕಂಡವನು ನಾನು. ಇಂಥದನ್ನು ಕಂಡಿರಲಿಲ್ಲ. ಕೆಳಗಿನ ಸಾಲು ಅಲ್ಲಾಡುತ್ತಿತ್ತು. ಎಡಗಡೆ ಹಲ್ಲು ಮುರಿದು ಬೇರು ಒಸಡಿನೊಳಗೆ ಕಪ್ಪಾಗಿ ಉಳಿದಿತ್ತು. ಅದರ ಸುತ್ತ ಒಸಡು ಊದಿ ಹಣ್ಣಾಗಿತ್ತು. ಇದು ವಾರದ ಮಾತಲ್ಲ, ತಿಂಗಳ ಮಾತೂ ಅಲ್ಲ.

"ಯಾವಾಗಿನಿಂದ?"

"ಹೋದ ಚಳಿಗಾಲ ಅಲ್ಲ, ಅದರ ಹಿಂದಿನ ಚಳಿಗಾಲ."

"ಹೇಳಲಿಲ್ಲವೇಕೆ?"

"ಹೇಳೋಕೆ ನೀವು ಯಾವತ್ತು ಬಾಯಿ ಮುಚ್ಚಿದ್ರಿ?" ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ, ಸೆರಗಿನಿಂದ ಬಾಯೊರೆಸಿಕೊಳ್ಳುತ್ತ ಹೇಳಿದಳು.

ಮಾತು ತೀಕ್ಷ್ಣವಾದರೂ ಸಂಪೂರ್ಣ ನಿರಾಧಾರವೆನ್ನಲಾಗದು.

ಮೇ ೧೮, ಸೋಮವಾರ

ತೀರ್ಮಾನ ಬಂದಿತು. "ವಿಶೇಷ ಪ್ರಕರಣವೆಂದು ಪರಿಗಣಿಸಿ" ನನಗೆ ಹಲ್ಲಿನ ಸೆಟ್ಟನ್ನು ಮಂಜೂರು ಮಾಡಿದ್ದಾರೆ. ಮಗಳು ಕಾಗದವನ್ನು ಓದಿ ಹೇಳಿದಾಗ ನನ್ನಾಕೆ ಕೈ ಜೋಡಿಸಿ ಕಣ್ಣಿಗೊತ್ತಿಕೊಂಡಳು. "ಸದ್ಯ, ಪೀಠ ಉಳೀತು," ಎಂದಳು. ಮಗಳು, "ಸತ್ಯ ಹೇಳಿ ಗೆದ್ದ ಮೊದಲನೇ ಮನುಷ್ಯ ನಮ್ಮಪ್ಪ. ಮ್ಯೂಸಿಯಮ್ಮಿಗೆ ಕಳಿಸ್ಬೇಕು," ಎಂದಳು. ಸಂಜೆ ಮಂದಿರದ ಹಿರಿಯರಿಗೂ ಸುದ್ದಿ ಮುಟ್ಟಿ ಅವರು ಬಂದು ಕೈ ಕುಲುಕಿ ಹೋದರು. ಪಠನಕ್ಕೆ ಇನ್ನೂ ಸಾಕಷ್ಟು ಸಮಯವಿದೆ.

ಸರ್ವೇಶ್ವರನಿಗೆ ನಮಸ್ಕಾರ. ಇದಕ್ಕಿಂತ ಹೆಚ್ಚಾಗಿ ಬರೆಯಬೇಕಾದ ದಿನ ಇದು. ಆದರೆ ಊಟದ ವೇಳೆ ನನ್ನಾಕೆ ಬ್ರೆಡ್ಡಿನ ತುಂಡನ್ನು ನೆನೆಯಲು ಬಿಟ್ಟು, ಅದು ಕರಗಲೆಂದು ಕಾಯುತ್ತ ಕುಳಿತಿದ್ದಳು. ನಾನು ಮುಗಿಸಿದ ಮೇಲೂ ಕಾಯುತ್ತಿದ್ದಳು.

ಮೇ ೨೦, ಬುಧವಾರ

ವಿಮಾ ಕಚೇರಿಗೆ ಹೋಗಿ ಮಂಜೂರಾತಿಯನ್ನು ಹೆಂಡತಿಯ ಹೆಸರಿಗೆ ಮಾಡಿಕೊಡಬೇಕೆಂದು ಕೇಳಿದೆ.

ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿ ನೋಡಿದರು. "ಯಜಮಾನ್ರೇ, ಇದೇನು ಬಸ್ಸಿನ ಸೀಟಾ, ನೀನು ಕೂತ್ಕೋ ಅಂತ ಬಿಟ್ಟುಕೊಡೋಕೆ? ಕಮಿಟಿ ನಿಮಗೆ ಅಂತ ಕೊಟ್ಟಿದೆ."

"ನನ್ನದನ್ನು ರದ್ದು ಮಾಡಿ. ಅವಳದಕ್ಕೆ ಹೊಸ ಅರ್ಜಿ ತೆಗೆದುಕೊಳ್ಳಿ. ಅವಳ ಹಲ್ಲು ಇನ್ನೂ ಬಾಯಲ್ಲೇ ಇದೆ; ನಿಮ್ಮ ವೈದ್ಯರು ಬಂದು ನೋಡಬಹುದು. ಈ ಸಲ ಕ್ರಮ ತಪ್ಪಿಲ್ಲ."

"ನಾಲ್ಕು ವರ್ಷ ನಿಮಗೆ ಸಿಗಲ್ಲ. ತಿಳೀತಾ?"

ತಿಳಿಯಿತೆಂದೆ. ಇದರಲ್ಲಿ ಔದಾರ್ಯವೆಂಬುದೇನೂ ಇಲ್ಲ. ಒಂದು ಬೀದಿಯಲ್ಲಿ ಎರಡು ತಕ್ಕಡಿಗಳು ಕೆಟ್ಟಿದ್ದರೆ ಹೆಚ್ಚು ಕೆಟ್ಟದ್ದನ್ನು ಮೊದಲು ಸರಿಪಡಿಸಬೇಕೆಂಬುದು ಸಾಮಾನ್ಯ ನಿಯಮ. ನನಗೆ ನೋವಿಲ್ಲ, ಅವಳಿಗಿದೆ. ಆದರೆ ಅಧಿಕಾರಿ ಅರ್ಜಿಯನ್ನು ನನ್ನ ಕೈಗೆ ಮರಳಿಸಿ, "ಅಮ್ಮಾವ್ರೇ ಬಂದು ರುಜು ಹಾಕ್ಬೇಕು. ಅವರು ಒಪ್ಪಿದ್ದಾರಾ?" ಎಂದರು.

ಅದನ್ನು ನಾನು ಕೇಳಿರಲಿಲ್ಲ.

ಮೇ ೨೧, ಗುರುವಾರ

ಹೇಳಿದೆ. ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ನನ್ನ ಕೇಳಿದ್ರಾ?"

"ಈಗ ಕೇಳುತ್ತಿದ್ದೇನೆ."

"ಇದು ಕೇಳೋದಲ್ಲ, ಹೇಳೋದು. ಹೋಗಿ ಎಲ್ಲಾ ಮುಗಿಸ್ಕೊಂಡು ಬಂದು ರುಜು ಹಾಕು ಅನ್ನೋದು. ಮನೆ ಬದಲಾಯಿಸಿದಾಗ್ಲೂ ಹಿಂಗೇ, ಮಗಳನ್ನ ಆ ಸ್ಕೂಲಿಗೆ ಹಾಕಿದಾಗ್ಲೂ ಹಿಂಗೇ. ಪೀಠ ಹೋಗುತ್ತೆ ಅಂತ ಗೊತ್ತಿಲ್ವಾ ನಿಮಗೆ? ನೀವು ಓದೋದು ಬಿಟ್ರೆ ಏನಾಗ್ತೀರಿ ಅಂತ ಮೂರು ತಿಂಗಳಿಂದ ನೋಡ್ತಿದೀನಿ. ನನ್ನ ಹೆಸರಲ್ಲಿ ನೀವು ಹುತಾತ್ಮರಾಗೋದು ಬೇಡ."

ಅವಳು ಇಷ್ಟು ದೀರ್ಘವಾಗಿ ಮಾತನಾಡಿದ್ದನ್ನು ನಾನು ಕೇಳಿದ ನೆನಪಿಲ್ಲ. ನಡುವೆ ಒಂದೆರಡು ಕಡೆ ಉತ್ತರ ಕೊಡಬಹುದಾಗಿತ್ತು. ಆದರೆ ಅವಳ ಮಾತು ಮುಗಿದಿರಲಿಲ್ಲ.

ಮೇ ೨೩, ಶನಿವಾರ

ನಿನ್ನೆಯೂ ಇಂದೂ ಅವಳು ನನ್ನೊಡನೆ ಮಾತನಾಡಿಲ್ಲ. ಉಪ್ಪಿನ ವಿಷಯವಾಗಿಯೂ ತನ್ನಷ್ಟಕ್ಕೆ ಮಾತನಾಡಿಕೊಳ್ಳುತ್ತಿಲ್ಲ.

ಮೇ ೨೫, ಸೋಮವಾರ

ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕುಳಿತೆ. ಅವಳು ಬೀನ್ಸ್ ಬಿಡಿಸುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡೆ. ನಾರು ತೆಗೆಯುವ ಬಗೆ ತಪ್ಪೆಂದು ಅವಳು ಕಣ್ಣಲ್ಲೇ ತೋರಿಸಿದಳು, ತಿದ್ದಿಕೊಂಡೆ.

ಬುಟ್ಟಿ ಅರ್ಧವಾದ ಮೇಲೆ, "ನಿನಗೆ ಏನು ಬೇಕು?" ಎಂದೆ.

ಕೇಳಿದ್ದು ಇಷ್ಟೇ. ನಾನು ಬೀನ್ಸ್ ಬಿಡಿಸುತ್ತ ಕಾದೆ.

"ಹಲ್ಲು ನೋವು ಹೋಗ್ಬೇಕು," ಎಂದಳು. ಅನಂತರ, "ಗಟ್ಟಿಯಾಗಿ ಏನಾದ್ರೂ ಕಡಿದು ತಿನ್ಬೇಕು. ಕಡಲೆಬೀಜ. ಸದ್ದು ಬರ್ಬೇಕು," ಎಂದಳು. ಅನಂತರ ಇನ್ನೂ ಸ್ವಲ್ಪ ತಡೆದು, "ಮಂದಿರಕ್ಕೆ ಒಬ್ಳೇ ಹೋಗೋಕೆ ಬೇಜಾರು. ಎಲ್ರೂ, ಯಜಮಾನ್ರು ಬರ್ಲಿಲ್ವಾ, ಯಜಮಾನ್ರು ಬರ್ಲಿಲ್ವಾ ಅಂತಾರೆ. ನೀವು ಓದ್ತೀರೋ ಬಿಡ್ತೀರೋ, ವಾರ್ಷಿಕ ಪಠನಕ್ಕಾದ್ರೂ ಬಂದು ನನ್ನ ಪಕ್ಕ ಕೂತ್ಕೊಳ್ಳಿ. ಕೂತ್ಕೊಂಡ್ರೆ ರುಜು ಹಾಕ್ತೀನಿ."

"ಹಲ್ಲಿಲ್ಲದೆಯೇ?"

"ಕೂತ್ಕೊಳ್ಳೋಕೆ ಹಲ್ಲು ಬೇಕಾ?"

ಒಪ್ಪಿಕೊಂಡೆ. ಮಂದಿರದ ಹಿರಿಯರಿಗೆ, ವಾರ್ಷಿಕ ಪಠನವನ್ನು ಕನ್ನಡಕದವರೇ ನಡೆಸಲಿ, ಪೀಠವೂ ಅವರದೇ ಆಗಲಿ ಎಂದು ಎರಡು ಸಾಲು ಬರೆದು ಕಳಿಸಿದೆ. ಬರೆದಾದ ಮೇಲೆ ಗ್ರಂಥವನ್ನು ಎತ್ತಿ ಒಂದಷ್ಟು ಹೊತ್ತು ಮಡಿಲಲ್ಲಿ ಇಟ್ಟುಕೊಂಡಿದ್ದೆ. ತೆರೆಯಲಿಲ್ಲ.

ಜೂನ್ ೫, ಶುಕ್ರವಾರ

ಪೂರ್ವತಪಾಸಣೆಯು ಕ್ರಮಬದ್ಧವಾಗಿ ನಡೆದು, ಇಂದು ಅವಳ ಹಲ್ಲುಗಳನ್ನು ತೆಗೆದರು. ದಂತವೈದ್ಯೆಯ ಕೋಣೆಯ ಹೊರಗೆ ಕುಳಿತಿದ್ದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳು ನನ್ನ ತೋಳು ಹಿಡಿದುಕೊಂಡಿದ್ದಳು. ರಾತ್ರಿಯ ಊಟಕ್ಕೆ ಆಲೂಗಡ್ಡೆಯನ್ನು ನಾನೇ ಬೇಯಿಸಿ ಅರೆದೆ. ಉಪ್ಪು ಹಾಕಿದೆನೋ ಇಲ್ಲವೋ ಎಂದು ಅನುಮಾನವಾಗಿ ಎರಡು ಸಲ ಹಾಕಿದ್ದೆನೆಂದು ಆಮೇಲೆ ತಿಳಿಯಿತು. ಇಬ್ಬರೂ ತುಟಿಪಿಟಕ್ಕೆನ್ನದೆ ತಿಂದೆವು. ಮಗಳು ಒಂದು ಚಮಚ ಬಾಯಿಗಿಟ್ಟು, "ನಿಮ್ಮಿಬ್ರಿಗೂ ಹಲ್ಲಿಲ್ಲ ಸರಿ, ನಾಲಗೇನೂ ಕಿತ್ತುಹಾಕಿದ್ರಾ?" ಎಂದಳು.

ಜುಲೈ ೧೪, ಮಂಗಳವಾರ

ಅವಳ ಹಲ್ಲು ಬಂದಿತು. ಮೇಲೊಂದು, ಕೆಳಗೊಂದು, ಮುತ್ತಿನಂತಿವೆ. ಕನ್ನಡಿಯ ಮುಂದೆ ನಿಂತು ನಕ್ಕು ನೋಡಿದಳು, ಸಿಟ್ಟು ಮಾಡಿ ನೋಡಿದಳು, ಹಲೋ ಎಂದು ನೋಡಿದಳು. ನಾನು ಸೈಕಲ್ ರಿಪೇರಿಯವನ ಪಕ್ಕದ ಅಂಗಡಿಯಿಂದ ಹುರಿದ ಕಡಲೆಬೀಜ ತಂದೆ. ಒಂದನ್ನು ಬಾಯಿಗೆ ಹಾಕಿಕೊಂಡು ಕಡಿದಳು. ಸದ್ದು ಬಂದಿತು.

ಸ್ವಲ್ಪ ಒತ್ತುತ್ತದಂತೆ. ಒತ್ತಿದಾಗ ತೆಗೆದಿಟ್ಟು ಒಸಡಿಗೆ ಬಿಡುವು ಕೊಡಬೇಕೆಂದೂ, ಎರಡು ವಾರ ಬಿಟ್ಟು ಬಂದರೆ ಉಜ್ಜಿ ಸರಿ ಮಾಡಿಕೊಡುವೆನೆಂದೂ ವೈದ್ಯೆ ಹೇಳಿದ್ದಾರೆ.

ಜುಲೈ ೨೫, ಶನಿವಾರ

ವಾರ್ಷಿಕ ಪಠನ ಇಂದು ಆರಂಭವಾಯಿತು. ಕೊಟ್ಟ ಮಾತಿನಂತೆ ಹೋದೆ.

ಮಂದಿರದ ಕೊನೆಯ ಸಾಲು, ಗೋಡೆಯ ಪಕ್ಕ, ಕಂಬದ ಮರೆ. ಅವಳು ಇಷ್ಟು ವರ್ಷ ಕುಳಿತ ಜಾಗ ಅದೇ ಎಂದು ಇಂದು ತಿಳಿಯಿತು. ಪೀಠದಿಂದ ನೋಡುವವನಿಗೆ ಆ ಕಂಬದ ಹಿಂದೆ ಯಾರಿದ್ದಾರೆಂಬುದು ಕಾಣುವುದಿಲ್ಲ. ಜನರು ತಿರುಗಿ ತಿರುಗಿ ನನ್ನನ್ನು ನೋಡಿ, ಕೆಲವರು ಕೈ ಮುಗಿದು, ಕೆಲವರು ಮುಗುಳ್ನಕ್ಕು ಸುಮ್ಮನಾದರು. ನಾನು ತುಟಿ ಬಿಗಿಹಿಡಿದು ಕುಳಿತಿದ್ದೆ.

ಕನ್ನಡಕದವರು ಆರಂಭಿಸಿದರು. ಧ್ವನಿ ಚೆನ್ನಾಗಿದೆ. ಎರಡನೆಯ ಅಧ್ಯಾಯದಲ್ಲಿ ಒಂದು ಸಾಲನ್ನೇ ಹಾರಿಸಿ ಮುಂದಕ್ಕೆ ಹೋದರು. ನಾನು ಏಳುವುದಕ್ಕೆ ಮುಂದಿನ ಕುರ್ಚಿಯ ಬೆನ್ನು ಹಿಡಿದೆ. "ಕೂತ್ಕೊಳ್ಳಿ," ಎಂದಳು ಪಕ್ಕದಲ್ಲಿದ್ದವಳು, ಮೆಲ್ಲಗೆ. ಕುಳಿತೆ. ಆಗ ಬಲಗಿವಿಗೆ, ಬಿಟ್ಟುಹೋದ ಆ ಸಾಲು ಕೇಳಿಸಿತು. ಅವಳು ಹೇಳುತ್ತಿದ್ದಳು. ಅದಾದ ಮೇಲಿನದನ್ನೂ, ಅದರ ಮುಂದಿನದನ್ನೂ, ಪುಸ್ತಕವಿಲ್ಲದೆ, ಓದುವವರಿಗೆ ಸರಿಸಮವಾಗಿ, ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದೆನೋ ಅಲ್ಲೇ ಉಸಿರು ತೆಗೆದುಕೊಂಡು ಹೇಳುತ್ತಿದ್ದಳು.

"ಇದನ್ನೆಲ್ಲ ಯಾವಾಗ ಕಲಿತೆ?" ಎಂದು ಪಿಸುಗುಟ್ಟಿದೆ.

"ಕಲಿಯೋದೇನು? ದಿನಾ ಬೆಳಿಗ್ಗೆ ನೀವು ಗಟ್ಟಿಯಾಗಿ ಓದ್ತಿದ್ರಿ. ಕಿವಿ ಮುಚ್ಕೊಳ್ಳೋಣ ಅಂದ್ರೆ ಕೈ ತುಂಬಾ ಪಾತ್ರೆ."

ಅಧ್ಯಾಯದ ನಡುವೆ ಅವಳು ಮುಖ ಸಿಂಡರಿಸಿದಳು. ಹಲ್ಲು ಒತ್ತುತ್ತಿತ್ತು. ಕಂಬದ ಕಡೆಗೆ ತಿರುಗಿ, ಎರಡು ತುಂಡುಗಳನ್ನೂ ತೆಗೆದು, ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿತ್ತಳು. "ಜೇಬಲ್ಲಿ ಇಟ್ಕೊಳ್ಳಿ. ಜೋಪಾನ. ನಾಲ್ಕು ವರ್ಷ ಬರ್ಬೇಕು." ಅಂತೂ ಆ ಮಂಜೂರಾದ ಹಲ್ಲುಗಳು ನನ್ನ ವಶಕ್ಕೆ ಬಂದವು, ಬಾಯಿಗಲ್ಲ, ಎದೆಯ ಜೇಬಿಗೆ. ಇನ್ನೂ ಬೆಚ್ಚಗಿದ್ದವು.

ಅವಳು ಮತ್ತೆ ಹೇಳತೊಡಗಿದಳು. ಈಗ ಅವಳ ಬಾಯಿಂದಲೂ ಉಸಿರೇ ಹೆಚ್ಚಾಗಿ ಬರುತ್ತಿತ್ತು. ಅವಳು ಅದನ್ನು ಲಕ್ಷಿಸಲಿಲ್ಲ. ಮೊಣಕೈಯಿಂದ ನನ್ನನ್ನು ತಿವಿದು, "ನೀವೂ ಹೇಳಿ," ಎಂದಳು.

"ನನಗೆ ಅಕ್ಷರ ಹೊರಡುವುದಿಲ್ಲ."

"ನಂಗೂ ಹೊರಡ್ತಿಲ್ಲ. ಹೇಳಿ."

ಹೇಳಿದೆ. ಮೊದಲು ತುಟಿಯೊಳಗೆ, ಬಳಿಕ ಸ್ವಲ್ಪ ಹೊರಗೆ. ಅವಳ ಧ್ವನಿಗಿಂತ ನನ್ನದು ಮುಂದೆ ಹೋಗದಂತೆ ನೋಡಿಕೊಂಡು ಹೇಳಿದೆ. ಮುಂದಿನ ಸಾಲಿನವರು ಒಮ್ಮೆ ಹಿಂದಕ್ಕೆ ತಿರುಗಿ ನಮ್ಮಿಬ್ಬರ ಬಾಯನ್ನೂ ನೋಡಿದರು. ಅಧ್ಯಾಯ ಮುಗಿಯುವವರೆಗೆ ನಾವು ನಿಲ್ಲಿಸಲಿಲ್ಲ.